ದುಡ್ಡೂ ಡ್ರಾ, ಮ್ಯಾಚೂ ಡ್ರಾ

ಎಟಿಎಮ್ಮಿನಿಂದ ದುಡ್ಡು ಡ್ರಾ ಮಾಡುತ್ತೇವೆ. ಐದು ದಿನ ಆಡಿದ ಟೆಸ್ಟ್ ಮ್ಯಾಚು ಡ್ರಾ ಆಗುತ್ತದೆ. ಹಬ್ಬ ಹತ್ತಿರ ಬಂತೆಂದರೆ ಬಟ್ಟೆ ಅಂಗಡಿಯವರು ಲಕ್ಕಿ ಡ್ರಾ ಇಡುತ್ತಾರೆ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಿರುತ್ತಾರೆ. ಬೀರುವಿನ ಕೀಲಿ ಎಲ್ಲಿ ಎಂದರೆ 'ಟೇಬಲ್ಲಿನ ಡ್ರಾದಲ್ಲಿದೆ' ಎನ್ನುತ್ತಾರೆ ಮನೆಯವರು. ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಓಡಾಡುವ ಪದ ಇದು. ಆದರೂ ಹೀಗೆ ಸಾಲಾಗಿ ಇಟ್ಟು ನೋಡಿದರೆ ತಲೆ ಕೆರೆದುಕೊಳ್ಳುವಂತಾಗುತ್ತದೆ. ದುಡ್ಡು ತೆಗೆಯುವುದಕ್ಕೂ ಆಟ ಸಮವಾಗುವುದಕ್ಕೂ, ಚಿತ್ರ ಬರೆಯುವುದಕ್ಕೂ ಮೇಜಿನ ಖಾನೆಗೂ ಎಲ್ಲಿಯ ಸಂಬಂಧ?

ಹಳ್ಳಿಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಈ ಪದದ ಎದುರು ಒಂದು ಪಟ್ಟಿ ಇರುತ್ತದೆ: ಎಳೆ, ಸೆಳೆ, ಚಿತ್ರ ಬರೆ, ನೀರು ಸೇದು, ಕತ್ತಿ ಹಿರಿ, ಹಣ ತೆಗೆ, ಸಮವಾಗು. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಮರೆಯದೆ ಇನ್ನೇನು ಮಾಡಿಯಾರು? ಒಂದಕ್ಕೊಂದು ತಾಳಮೇಳವಿಲ್ಲದ ಏಳು ಅರ್ಥಗಳನ್ನು ತಲೆಯಲ್ಲಿಟ್ಟುಕೊಳ್ಳುವುದು ದೊಡ್ಡವರಿಂದಲೂ ಆಗದ ಕೆಲಸ. ನನಗೆ ಇದು ಸಂಕಟದ ವಿಷಯ. ಏಕೆಂದರೆ ಆ ಪದಕ್ಕೆ ಏಳು ಅರ್ಥಗಳಿಲ್ಲ. ಇರುವುದು ಒಂದೇ, ಎಳೆಯುವುದು. ಉಳಿದವೆಲ್ಲ ಆ ಒಂದು ಕೈಚಲನೆಯನ್ನು ಬೇರೆ ಬೇರೆ ಕಡೆ ಬಳಸಿಕೊಂಡದ್ದರಿಂದ ಹುಟ್ಟಿದವು. ಅದನ್ನು ಕನ್ನಡದ ಮಕ್ಕಳಿಗೆ ತಿಳಿಸಿಕೊಡುವುದು ಬಹಳ ಸುಲಭ. ನಮ್ಮ 'ಎಳೆ', 'ಸೆಳೆ', 'ಸೇದು'ಗಳೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆದು ಬಂದಿವೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದದ ರೂಪ 'ಡ್ರಾಗನ್'. ಬೆಂಕಿ ಉಗುಳುವ ಪ್ರಾಣಿಗೂ ಇದಕ್ಕೂ ನಂಟಿಲ್ಲ. ಆ ಪ್ರಾಣಿಯ ಹೆಸರು ಗ್ರೀಕಿನಿಂದ ಬಂದದ್ದು. ಈ ಡ್ರಾಗನ್ ಎಂದರೆ ಎಳೆಯುವುದು. ಕಾಲ ಕಳೆದಂತೆ ನಡುವಿನ ಗಕಾರ ಕರಗಿ ವಕಾರದ ಕಡೆ ಹೊರಳಿತು, 'ಡ್ರಾ' ಆಯಿತು. ಬಿಲ್ಲಿಗೆ ಹಳೆಯ ಇಂಗ್ಲಿಷಿನಲ್ಲಿದ್ದ 'ಬೊಗ' ಎಂಬ ಮಾತು 'ಬೋ' ಆದದ್ದೂ, ಕಾನೂನಿಗಿದ್ದ 'ಲಗು' ಎಂಬುದು 'ಲಾ' ಆದದ್ದೂ ಹೀಗೆಯೇ. ಗಕಾರವನ್ನು ಬಿಡದೆ ಉಳಿಸಿಕೊಂಡ ಒಡಹುಟ್ಟು 'ಡ್ರ್ಯಾಗ್'.

ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ಪಾಠ ಮುಗಿದಂತೆ. ಡ್ರ್ಯಾಗ್ ಎಂದರೆ ನೆಲಕ್ಕೆ ಉಜ್ಜುತ್ತ, ಒಲ್ಲೆ ಎನ್ನುವುದನ್ನು ದರದರ ಎಳೆಯುವುದು. ಡ್ರಾ ಎಂದರೆ ತಡೆಯಿಲ್ಲದೆ, ಒಂದೇ ಹದದಲ್ಲಿ, ಸಾಮಾನ್ಯವಾಗಿ ತನ್ನ ಕಡೆಗೋ ಒಳಗಿನಿಂದ ಹೊರಕ್ಕೋ ಎಳೆಯುವುದು. ಬಾಗಿಲ ಮೇಲೆ ಬರೆದಿರುವ 'ಪುಲ್' ಇವೆರಡರ ನಡುವಿನದು, ಎಲ್ಲ ಬಗೆಯ ಎಳೆತಕ್ಕೂ ಸಲ್ಲುವಂಥದ್ದು. ಕನ್ನಡ ಈ ಭೇದಗಳನ್ನು ತನ್ನದೇ ರೀತಿಯಲ್ಲಿ ಮಾಡುತ್ತದೆ. ಒರೆಯೊಳಗಿನ ಕತ್ತಿಯನ್ನು ಹಿರಿಯುತ್ತೇವೆ, ಬಾವಿಯ ನೀರನ್ನು ಸೇದುತ್ತೇವೆ, ಹಗ್ಗವನ್ನು ಜಗ್ಗುತ್ತೇವೆ, ಗಿಡವನ್ನು ಕೀಳುತ್ತೇವೆ, ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ಸೆಳೆಯುತ್ತೇವೆ. ಇಂಗ್ಲಿಷಿನವರಿಗೆ ಕತ್ತಿ, ನೀರು, ಬಿಲ್ಲು ಮೂರಕ್ಕೂ ಡ್ರಾ ಸಾಕು. ನಮ್ಮದು ಸಿರಿತನ, ಅವರದು ಬಡತನ ಎಂದು ಇದರಿಂದ ಹೇಳಹೊರಟರೆ ತಪ್ಪಾಗುತ್ತದೆ. ಅವರು ಎಳೆತದ ಹದವನ್ನು ಹಿಡಿದು ಹೆಸರಿಟ್ಟರು. ನಾವು ಎಳೆಯುವ ವಸ್ತು ಎಲ್ಲಿತ್ತು ಎಂಬುದನ್ನು ಹಿಡಿದು ಹೆಸರಿಟ್ಟೆವು.

ಚಿತ್ರಕ್ಕೂ ಎಳೆತಕ್ಕೂ ಏನು ನಂಟು ಎಂಬ ಪ್ರಶ್ನೆಗೆ ಮನೆಯಂಗಳದಲ್ಲೇ ಉತ್ತರವಿದೆ. ರಂಗೋಲಿ ಹಾಕುವವರ ಕೈಯನ್ನು ಹತ್ತಿರದಿಂದ ನೋಡಬೇಕು. ಮೊದಲು ಚುಕ್ಕಿಗಳು ಬೀಳುತ್ತವೆ. ಆಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಪುಡಿ ಹಿಡಿದು, ಬೆರಳುಗಳನ್ನು ಒಂದಿಷ್ಟೇ ಸಡಿಲಿಸಿ, ಕೈಯನ್ನು ತಮ್ಮ ಕಡೆಗೆ ತಂದುಕೊಳ್ಳುತ್ತಾರೆ. ಕೈ ನಿಂತರೆ ಪುಡಿ ಗುಡ್ಡೆಯಾಗುತ್ತದೆ. ಅವಸರ ಮಾಡಿದರೆ ಗೆರೆ ತುಂಡಾಗುತ್ತದೆ. ಒಂದೇ ಹದದಲ್ಲಿ ಎಳೆದರಷ್ಟೇ ಗೆರೆ. ಅದಕ್ಕೇ ನಾವು ಗೆರೆಯನ್ನು 'ಎಳೆಯುತ್ತೇವೆ', ರಂಗೋಲಿಯ ಗೆರೆಗಳನ್ನು 'ಎಳೆ' ಎಂದೇ ಕರೆಯುತ್ತೇವೆ. ಇಂಗ್ಲಿಷಿನವನೂ ಕಡ್ಡಿಯನ್ನೋ ಸೀಸವನ್ನೋ ಹಲಗೆಯ ಮೇಲೆ ಎಳೆದ, ಹಿಂದೆ ಉಳಿದ ಗುರುತಿಗೆ ಡ್ರಾಯಿಂಗ್ ಎಂದ. ಎರಡು ಭಾಷೆಗಳೂ ಗಮನಿಸಿದ್ದು ಚಿತ್ರವನ್ನಲ್ಲ, ಚಿತ್ರ ಮೂಡಿಸುವ ಕೈಯನ್ನು. ಅವರ 'ರೈಟ್', ಬರೆಯುವುದು, ಮೊದಲಿಗೆ ಕೊರೆಯುವುದಾಗಿತ್ತು. ಮರದ ಮೇಲೆ, ಕಲ್ಲಿನ ಮೇಲೆ ಗೀರುವುದು. ಹೀಗೆ ಗೀರಿದರೆ ಬರಹ, ಎಳೆದರೆ ಚಿತ್ರ ಎಂದು ಅವರಲ್ಲಿ ಎರಡು ಪಾಲಾಯಿತು. ಕನ್ನಡದ 'ಬರೆ' ಎರಡನ್ನೂ ತನ್ನಲ್ಲೇ ಇಟ್ಟುಕೊಂಡಿತು. ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ.

ಮೇಜಿನ ಡ್ರಾಯರ್‌ಗೆ ವಿವರಣೆಯೇ ಬೇಡ. ಎಳೆದರೆ ಬರುವಂಥದ್ದು, ಅಷ್ಟೆ. ಒಳ ಉಡುಪಿಗೆ ಡ್ರಾಯರ್ ಎಂದು ಹೆಸರು ಬಂದದ್ದೂ ಕಾಲಿನಿಂದ ಮೇಲಕ್ಕೆ ಎಳೆದುಕೊಳ್ಳುವ ಬಟ್ಟೆ ಎಂಬ ಕಾರಣಕ್ಕೆ. ಕೋಟೆಯ ಕಂದಕದ ಮೇಲೆ ಹಾಸಿದ್ದು, ಶತ್ರು ಬಂದಾಗ ಸರಪಳಿಯಿಂದ ಮೇಲೆಳೆದುಕೊಳ್ಳುತ್ತಿದ್ದದ್ದು ಡ್ರಾಬ್ರಿಜ್.

ಬಾವಿಯ ಕಡೆಗೆ ಬರೋಣ, ಅಲ್ಲಿ ವಿಷಯ ಹೆಚ್ಚಿದೆ. ಸೇದೋ ಬಾವಿಯಲ್ಲಿ ಕೊಡ ಇಳಿಬಿಟ್ಟು ರಾಟೆಯ ಹಗ್ಗ ಎಳೆದಾಗ ಆಳದಲ್ಲಿದ್ದದ್ದು ಮೇಲೆ ಬರುತ್ತದೆ. ಇದೇ 'ಸೇದು' ಬೀಡಿಗೂ ಬಂತು. ಹೊಗೆಯನ್ನು ಒಳಗೆಳೆದುಕೊಳ್ಳುವುದು ಬೀಡಿ ಸೇದುವುದಾಯಿತು. ಇಂಗ್ಲಿಷಿನಲ್ಲೂ ನೀರಿಗೆ ಡ್ರಾ, ಸಿಗರೇಟಿಗೂ ಡ್ರಾ. ಉಸಿರಿಗೂ ಅದೇ. ನಮ್ಮ ಪತ್ರಿಕೆಗಳು ಹಿರಿಯರೊಬ್ಬರು 'ಕೊನೆಯುಸಿರೆಳೆದರು' ಎಂದು ಬರೆಯುವಾಗ, ಇಂಗ್ಲಿಷ್ ಪತ್ರಿಕೆ ಅದನ್ನೇ 'ಡ್ರೂ ಹಿಸ್ ಲಾಸ್ಟ್ ಬ್ರೆತ್' ಎಂದು ಬರೆಯಬಲ್ಲದು. ಒಬ್ಬರಿಂದೊಬ್ಬರು ಕಲಿತರೋ ಇಲ್ಲವೋ, ಉಸಿರು ಎಳೆಯುವಂಥದ್ದು ಎಂಬುದು ಎದೆಯುಳ್ಳ ಎಲ್ಲರಿಗೂ ಗೊತ್ತು. ಲ್ಯಾಬಿನ ಹುಡುಗಿ ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದು ರಕ್ತ ತೆಗೆಯುವಾಗ ಇಂಗ್ಲಿಷಿನಲ್ಲಿ ಅದೂ ಬ್ಲಡ್ ಡ್ರಾ.

ಬ್ಯಾಂಕಿನ ಡ್ರಾ ಹುಟ್ಟಿದ್ದು ಇದೇ ನೀರಿನ ಪಕ್ಕದಲ್ಲಿ. ಹಣ ಒಂದು ಕಡೆ ತುಂಬಿದೆ. ಬೇಕಾದಾಗ ಬೇಕಾದಷ್ಟನ್ನು ಹೊರಗೆ ಎಳೆದುಕೊಳ್ಳುತ್ತೇವೆ. ಚೆಕ್ಕಿನ ವ್ಯವಹಾರವನ್ನು ಆಳುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 7ನೆಯ ಕಲಮು, ಚೆಕ್ಕು ಬರೆದುಕೊಡುವವರನ್ನು 'ಡ್ರಾಯರ್' ಎಂದೂ ಹಣ ಕೊಡಬೇಕೆಂದು ಯಾರಿಗೆ ಆದೇಶವಿದೆಯೋ ಅವರನ್ನು 'ಡ್ರಾಯೀ' ಎಂದೂ ಕರೆಯುತ್ತದೆ. ಚೆಕ್ಕಿನಲ್ಲಿ ಆ ಡ್ರಾಯೀ ಬ್ಯಾಂಕೇ. ಸೇದುವವರು ನಾವು, ಸೇದಿಸಿಕೊಳ್ಳುವುದು ಬ್ಯಾಂಕು. ಚೆಕ್ಕು ವಾಪಸು ಬಂದಾಗ ಜೊತೆಗಿರುವ ಚೀಟಿಯಲ್ಲಿ ಕೆಲವೊಮ್ಮೆ 'ರೆಫರ್ ಟು ಡ್ರಾಯರ್' ಎಂದಿರುತ್ತದೆ. ಚೆಕ್ಕು ಕೊಟ್ಟವರನ್ನೇ ಕೇಳಿ ಎಂದರ್ಥ. ಈ ಎರಡು ಪದ ತಿಳಿಯದೆ ಚೀಟಿ ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುವವರನ್ನು ಕಂಡಾಗ ಬೇಸರವಾಗುತ್ತದೆ. ಖಾತೆಯಲ್ಲಿ ಹಣ ಸಾಲದೆ ಚೆಕ್ಕು ಬೌನ್ಸಾದರೆ 138ನೆಯ ಕಲಮಿನ ಪ್ರಕಾರ ಮೂವತ್ತು ದಿನದೊಳಗೆ ನೋಟಿಸು ಕೊಡಬೇಕು, ಡ್ರಾಯರ್‌ಗೆ ಹಣ ಕಟ್ಟಲು ಹದಿನೈದು ದಿನ ಸಿಗುತ್ತದೆ. ಆ ನೋಟಿಸು ಯಾರ ಹೆಸರಿಗೆ ಹೋಗಬೇಕು ಎಂಬುದು ಇದೊಂದು ಪದದ ಮೇಲೆ ನಿಂತಿದೆ.

ಒಂದು ಕಾಲಕ್ಕೆ ಅರ್ಜಿ ಎಂದರೆ ಜೊತೆಗೊಂದು ಡಿಡಿ ಇರಲೇಬೇಕಿತ್ತು. ಆ ಡಿಮ್ಯಾಂಡ್ ಡ್ರಾಫ್ಟಿನ 'ಡ್ರಾಫ್ಟ್' ಡ್ರಾ ಪದದಿಂದಲೇ ಹುಟ್ಟಿದ ನಾಮಪದ. ಬ್ಯಾಂಕಿನ ಒಂದು ಶಾಖೆ ಇನ್ನೊಂದು ಶಾಖೆಯ ಮೇಲೆ ಡ್ರಾ ಮಾಡಿದ ಕಾಗದ ಅದು. ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಸೇದಿಕೊಂಡರೆ ಓವರ್‌ಡ್ರಾಫ್ಟ್, ಅಂಗಡಿಯವರ ಬಾಯಲ್ಲಿ 'ಓಡಿ'. ಸರ್ಕಾರಿ ಕಚೇರಿಗಳಲ್ಲಿ ಡಿಡಿಓ ಎಂಬ ಅಧಿಕಾರಿ ಇರುತ್ತಾರೆ. ಮೊದಲ 'ಡಿ' ಡ್ರಾಯಿಂಗ್. ಚಿತ್ರ ಬರೆಯುವ ಕೆಲಸ ಅವರದಲ್ಲ, ಖಜಾನೆಯಿಂದ ಹಣ ಸೆಳೆದು ಸಿಬ್ಬಂದಿಗೆ ಬಟವಾಡೆ ಮಾಡುವುದು ಅವರ ಜವಾಬ್ದಾರಿ. ನಮ್ಮ ಕಡತಗಳ ಕನ್ನಡ ಇಲ್ಲಿ 'ಸೆಳೆ' ಎಂಬ ಪದವನ್ನು ಚೆನ್ನಾಗಿ ದುಡಿಸಿಕೊಂಡಿದೆ. ವೇತನ ಸೆಳೆಯುವುದು, ಮೊತ್ತ ಸೆಳೆಯುವುದು ಎಂಬ ಪ್ರಯೋಗಗಳು ಕಚೇರಿಯಲ್ಲಿ ನಿತ್ಯ ನಡೆಯುತ್ತವೆ. ಕಚೇರಿ ಕನ್ನಡವನ್ನು ಎಲ್ಲರೂ ದೂರುತ್ತಾರೆ, ಆದರೆ ಈ ಪದವನ್ನು ಆರಿಸಿದವರು ಮೂಲದ ಕೈಚಲನೆಯನ್ನು ಸರಿಯಾಗಿ ಹಿಡಿದಿದ್ದರು. ರಫ್ತು ಮಾಡುವವರಿಗೆ ಸುಂಕದಲ್ಲಿ ವಾಪಸು ಸಿಗುವ 'ಡ್ರಾಬ್ಯಾಕ್' ಎಂಬ ಮೊತ್ತವೂ ಹಾಗೆಯೇ, ಕಟ್ಟಿದ್ದನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಕೊರತೆ, ಕುಂದು ಎಂಬ ಅರ್ಥ ಆ ಪದಕ್ಕೆ ಆಮೇಲೆ ಬಂತು.

ಹಿಂದಕ್ಕೆ ಎಳೆದುಕೊಳ್ಳುವ ಮಾತು ಬಂದಾಗ 'ವಿತ್‌ಡ್ರಾ'ವನ್ನು ಬಿಡುವಂತಿಲ್ಲ. ಇದರ ಮುಂದಿರುವ 'ವಿತ್' ಈಗಿನಂತೆ 'ಜೊತೆಗೆ' ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಎದುರು, ದೂರ, ಆಚೆ ಎಂಬ ಅರ್ಥವಿತ್ತು. ಎದುರಿಸಿ ನಿಲ್ಲುವ 'ವಿತ್‌ಸ್ಟ್ಯಾಂಡ್', ಕೊಡದೆ ತಡೆಹಿಡಿಯುವ 'ವಿತ್‌ಹೋಲ್ಡ್' ಪದಗಳಲ್ಲಿ ಆ ಅರ್ಥ ಉಳಿದುಕೊಂಡಿದೆ. ನಾಮಪತ್ರದ ವಿಷಯದಲ್ಲಿ ನಾವು 'ಹಿಂತೆಗೆತ' ಎನ್ನುತ್ತೇವಲ್ಲ, ಅದೇ. ಈಗ ಡ್ರಾಯಿಂಗ್ ರೂಮಿಗೆ ಬನ್ನಿ. ಅಲ್ಲಿ ಯಾರೂ ಚಿತ್ರ ಬರೆಯುವುದಿಲ್ಲ. ಹಾಗಿದ್ದೂ ಆ ಹೆಸರೇಕೆ ಎಂದು ಯಾವ ಮಗುವಾದರೂ ಕೇಳಬೇಕಾದದ್ದೇ. ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಅದು 'ವಿತ್‌ಡ್ರಾಯಿಂಗ್ ರೂಮ್' ಆಗಿತ್ತು, ಗದ್ದಲದಿಂದ ಹಿಂದೆ ಸರಿದು ಕೂರುವ ಕೋಣೆ. ರಾತ್ರಿಯೂಟ ಮುಗಿದ ಮೇಲೆ ಗಂಡಸರು ಮದ್ಯದ ಬಟ್ಟಲುಗಳ ಮುಂದೆ ಉಳಿದರೆ ಹೆಂಗಸರು ಅಲ್ಲಿಗೆ ಸರಿಯುವ ಪದ್ಧತಿ ಬೆಳೆಯಿತು. ಹದಿನೇಳನೆಯ ಶತಮಾನದಲ್ಲಿ ಮುಂದಿನ ಉಚ್ಚಾರ ಸವೆದು ಡ್ರಾಯಿಂಗ್ ರೂಮ್ ಉಳಿಯಿತು. ಬಂದವರನ್ನು ಕೂರಿಸುವ ನಮ್ಮ ಪಡಸಾಲೆಗೆ ಈ ಹೆಸರನ್ನು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಅದು ಮನೆಯವರು ಒಳಗೆ ಸರಿಯುವ ಜಾಗ, ಇದು ಹೊರಗಿನವರಿಗೆ ತೆರೆದಿಟ್ಟ ಜಾಗ.

ಆಟದ ಡ್ರಾ ಕೂಡ ಈ ಹಿಂದೆ ಸರಿಯುವಿಕೆಯಿಂದಲೇ ಬಂದದ್ದು ಎನ್ನುತ್ತಾರೆ ಪದಮೂಲ ಹುಡುಕಿದವರು. ಯಾರೂ ಗೆಲ್ಲದೆ ಎರಡೂ ಕಡೆಯವರು ಕಣದಿಂದ ಹಿಂದೆಗೆದರೆ ಅದು 'ಡ್ರಾನ್' ಪಂದ್ಯ. ಚದುರಂಗದಲ್ಲಿ ಇಬ್ಬರೂ ಕೈಕುಲುಕಿ ಡ್ರಾ ಒಪ್ಪಿಕೊಳ್ಳುವುದು ಈ ಮೂಲಕ್ಕೆ ಬಹಳ ಹತ್ತಿರ. ಅದಕ್ಕಾಗಿಯೇ 'ಡ್ರಾ ಎಂದರೆ ಸಮ' ಎಂದು ಬರೆಸುವುದು ತಪ್ಪು. ಕ್ರಿಕೆಟ್ ಈ ವ್ಯತ್ಯಾಸವನ್ನು ಜೋಪಾನವಾಗಿ ಕಾಪಾಡಿಕೊಂಡಿದೆ. ಎರಡೂ ತಂಡಗಳ ರನ್ನು ಸರಿಸಮವಾಗಿ ಆಟ ಪೂರ್ತಿ ಮುಗಿದರೆ ಅದು 'ಟೈ'. ಟೆಸ್ಟ್ ಚರಿತ್ರೆಯಲ್ಲಿ ಹಾಗೆ ಆದದ್ದು ಎರಡೇ ಸಲ: 1960ರಲ್ಲಿ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯ–ವೆಸ್ಟ್ ಇಂಡೀಸ್, 1986ರಲ್ಲಿ ಮದರಾಸಿನ ಚೆಪಾಕಿನಲ್ಲಿ ಭಾರತ–ಆಸ್ಟ್ರೇಲಿಯ. ಚೆಪಾಕಿನಲ್ಲಿ 348 ರನ್ನಿನ ಗುರಿಯೆದುರು ಭಾರತ 347ಕ್ಕೆ ನಿಂತಿತು. ಡ್ರಾ ಆಗಲು ರನ್ನು ಸಮವಾಗಬೇಕಿಲ್ಲ, ಫಲ ಕಾಣದೆ ಸ್ಟಂಪು ಕಿತ್ತರೆ ಸಾಕು.

ಇದಕ್ಕೆ 1939ರ ಡರ್ಬನ್ ಟೆಸ್ಟಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ದಕ್ಷಿಣ ಆಫ್ರಿಕ ಮತ್ತು ಇಂಗ್ಲೆಂಡ್ ನಡುವಿನ ಆ ಪಂದ್ಯಕ್ಕೆ ಕಾಲಮಿತಿಯೇ ಇರಲಿಲ್ಲ. ಯಾರಾದರೂ ಗೆಲ್ಲುವವರೆಗೆ ಆಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ಡ್ರಾ ಆಗದಿರಲೆಂದೇ ಮಾಡಿದ ಏರ್ಪಾಡು ಅದು. ಮಾರ್ಚ್ 3ರಂದು ಶುರುವಾದ ಆಟ 14ರವರೆಗೂ ಸಾಗಿತು. ಇಂಗ್ಲೆಂಡಿನ ಮುಂದೆ 696 ರನ್ನುಗಳ ಗುರಿ. ಬಿಲ್ ಎಡ್ರಿಚ್ 219, ಪಾಲ್ ಗಿಬ್ 120, ವಾಲಿ ಹ್ಯಾಮಂಡ್ 140 ಹೊಡೆದರು. ಐದು ವಿಕೆಟ್ಟಿಗೆ 654 ಆಗಿತ್ತು, ಇನ್ನು ಬೇಕಿದ್ದದ್ದು ನಲವತ್ತೆರಡು. ಅಷ್ಟರಲ್ಲಿ ಮಳೆ ಬಂತು. ತಂಡವನ್ನು ಊರಿಗೆ ಕರೆದೊಯ್ಯುವ ಹಡಗು ಕೇಪ್‌ಟೌನಿನಿಂದ ಹೊರಡುವುದಿತ್ತು; ಅದನ್ನು ಹಿಡಿಯಬೇಕಾದರೆ ಅಂದೇ ರೈಲು ಹತ್ತಬೇಕಿತ್ತು. ಎರಡೂ ಕಡೆಯವರು ಆಟ ಬಿಟ್ಟೆದ್ದರು. ದಾಖಲೆಯಲ್ಲಿ ಆ ಪಂದ್ಯ ಡ್ರಾ. ಅಲ್ಲಿ ಸಮವಾದದ್ದು ಯಾವುದೂ ಇರಲಿಲ್ಲ.

ಲಕ್ಕಿ ಡ್ರಾ ಮತ್ತೆ ಸರಳ: ಡಬ್ಬದಿಂದ ಚೀಟಿಯನ್ನು ಹೊರಗೆಳೆಯುವುದು. ಇಲ್ಲಿ ಕನ್ನಡ ದಾರಿ ಬದಲಿಸುತ್ತದೆ. ನಾವು ಚೀಟಿ ಎಳೆಯುವುದಿಲ್ಲ, ಎತ್ತುತ್ತೇವೆ. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲೇ, 1569ರಲ್ಲಿ, ಸರ್ಕಾರಿ ಲಾಟರಿ ಎತ್ತಿದ್ದರು. ಲಾಟರಿಯಲ್ಲಿ ಬಹುಮಾನವಿಲ್ಲದ ಖಾಲಿ ಚೀಟಿ ಬಂದರೆ 'ಡ್ರಾ ಎ ಬ್ಲ್ಯಾಂಕ್'. ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ ಎನ್ನಲು ಇಂದಿಗೂ ಹಾಗೆನ್ನುತ್ತಾರೆ. ನಮ್ಮ ಚುನಾವಣಾ ಕಾನೂನಿನಲ್ಲೂ ಚೀಟಿಗೆ ಜಾಗವಿದೆ. 1951ರ ಜನಪ್ರಾತಿನಿಧ್ಯ ಕಾಯಿದೆಯ 65ನೆಯ ಕಲಮಿನಂತೆ ಇಬ್ಬರಿಗೆ ಸಮನಾಗಿ ಮತ ಬಿದ್ದರೆ ಚೀಟಿ ಎತ್ತಬೇಕು. ಚೀಟಿ ಒಲಿದವರಿಗೆ ಒಂದು ಮತ ಹೆಚ್ಚು ಬಿದ್ದಂತೆ ಲೆಕ್ಕ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರೆದುರು ಗೆದ್ದದ್ದು ಒಂದೇ ಒಂದು ಮತದಿಂದ. ಸೋತ ಕಡೆಗೆ ಇನ್ನೊಂದು ಮತ ಬಿದ್ದಿದ್ದರೆ ಶಾಸಕರು ಯಾರು ಎಂಬುದನ್ನು ಚೀಟಿಯೇ ಹೇಳಬೇಕಿತ್ತು.

ಚೀಟಿ ಎತ್ತುವ ಡ್ರಾ, ಜನರನ್ನು ಎಳೆದೊಯ್ಯುವ ಡ್ರಾಫ್ಟ್ ಎರಡೂ ಒಂದೇ ಕಡೆ ಸೇರಿದ ರಾತ್ರಿಯೊಂದಿದೆ. ಊರಿನ ಗಂಡಸರಲ್ಲಿ ಕೆಲವರನ್ನು ಆರಿಸಿ ಸೈನ್ಯಕ್ಕೆ ಎಳೆದುಕೊಳ್ಳುವುದಕ್ಕೆ ಅಮೆರಿಕದಲ್ಲಿ ಡ್ರಾಫ್ಟ್ ಎನ್ನುತ್ತಾರೆ. 1967ರಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ವಿಶ್ವ ಚಾಂಪಿಯನ್ ಪಟ್ಟ ಕಳೆದುಕೊಂಡದ್ದು ಬರುವುದಿಲ್ಲ ಎಂದು ಇದನ್ನು ತಿರಸ್ಕರಿಸಿದ್ದಕ್ಕೇ. ವಿಯೆಟ್ನಾಂ ಯುದ್ಧ ಜೋರಾಗಿದ್ದಾಗ, 1969ರ ಡಿಸೆಂಬರ್ 1ರಂದು, ವಾಷಿಂಗ್‌ಟನ್ನಿನಲ್ಲಿ ಒಂದು ಗಾಜಿನ ಜಾಡಿ ಇಟ್ಟರು. ಅದರಲ್ಲಿ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು, ಒಂದೊಂದರೊಳಗೆ ವರ್ಷದ ಒಂದೊಂದು ತಾರೀಖು. 1944ರಿಂದ 1950ರವರೆಗೆ ಹುಟ್ಟಿದ ಗಂಡಸರೆಲ್ಲ ಟಿವಿಯ ಮುಂದೆ ತಮ್ಮ ಹುಟ್ಟಿದ ದಿನ ಎಷ್ಟನೆಯದಾಗಿ ಬರುತ್ತದೋ ಎಂದು ಕಾದು ಕೂತರು. ಮೊದಲು ಹೊರಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರೇ ಮೊದಲು ಹೊರಡಬೇಕು.

ಆಮೇಲೆ ಲೆಕ್ಕ ಬಲ್ಲವರು ಕೂತು ನೋಡಿದಾಗ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಹೆಚ್ಚಾಗಿ ಮೊದಮೊದಲ ಸರದಿಗಳೇ ಬಿದ್ದಿದ್ದವು. ಗುಳಿಗೆಗಳನ್ನು ಜನವರಿಯಿಂದ ಶುರುಮಾಡಿ ತಿಂಗಳವಾರು ಪೆಟ್ಟಿಗೆಗೆ ಹಾಕಿದ್ದರು, ಸರಿಯಾಗಿ ಕಲೆಸಿರಲಿಲ್ಲ. ಜಾಡಿಗೆ ಸುರಿದಾಗ ನವೆಂಬರ್, ಡಿಸೆಂಬರ್ ಮೇಲೆಯೇ ಉಳಿದವು. ಮರುವರ್ಷ ವಿಧಾನ ಬದಲಾಯಿತು. ಮೊದಲ ವರ್ಷ ಡಿಸೆಂಬರಿನಲ್ಲಿ ಹುಟ್ಟಿದ್ದೇ ಕಾರಣವಾಗಿ ಹೊರಟವರಿಗೆ ಅದರಿಂದ ಏನೂ ಆಗಲಿಲ್ಲ. ಚೀಟಿ ಎತ್ತುವ ಮೊದಲು ಡಬ್ಬ ಕುಲುಕಿ ಎಂದು ನಮ್ಮ ಹಳ್ಳಿಯ ಹಿರಿಯರು ಹಟ ಹಿಡಿಯುತ್ತಾರೆ. ಅವರ ಹಟದಲ್ಲಿ ನ್ಯಾಯವಿದೆ.

ಕ್ರೌರ್ಯದ ಮಾತು ಬಂದಿರುವುದರಿಂದ ಇನ್ನೊಂದನ್ನೂ ಹೇಳಿಬಿಡಬೇಕು. ಇಂಗ್ಲೆಂಡಿನಲ್ಲಿ ರಾಜದ್ರೋಹಕ್ಕೆ ಇದ್ದ ಶಿಕ್ಷೆಯ ಹೆಸರಿನಲ್ಲಿ ಗಲ್ಲು ಮತ್ತು ತುಂಡರಿಸುವುದರ ನಡುವೆ 'ಡ್ರಾನ್' ಎಂದಿದೆ. ಕುದುರೆಗೆ ಕಟ್ಟಿ ವಧಾಸ್ಥಾನದವರೆಗೆ ಎಳೆದೊಯ್ಯುವುದು ಎಂದು ಕೆಲವರು, ಹೊಟ್ಟೆ ಸೀಳಿ ಕರುಳೆಳೆಯುವುದು ಎಂದು ಕೆಲವರು ಅರ್ಥ ಹೇಳುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ವ್ಯಾಲೇಸ್‌ಗೆ 1305ರಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಎರಡೂ ಆದವು. ಶಿಕ್ಷೆ ಕಾನೂನಿನ ಪುಸ್ತಕದಿಂದ ಹೋದದ್ದು 1870ರಲ್ಲಿ.

ಕಾಗುಣಿತದಿಂದ ಕಾಡುವ ರೂಪವೆಂದರೆ 'ಡ್ರಾಫ್ಟ್'. ಇದಕ್ಕೆ ಇಂಗ್ಲಿಷಿನಲ್ಲಿ ಎರಡು ಬರವಣಿಗೆ. ಕರಡಿಗೆ, ಬ್ಯಾಂಕಿನ ಕಾಗದಕ್ಕೆ ನೇರವಾದ ಬರವಣಿಗೆ. ಗಾಳಿ, ಹಡಗು, ಬಿಯರು, ಎತ್ತುಗಳಿಗೆ ಬ್ರಿಟಿಷರು ಜಿ ಎಚ್ ಸೇರಿಸಿ ಬರೆಯುತ್ತಾರೆ. ಎರಡರ ಉಚ್ಚಾರವೂ ಡ್ರಾಫ್ಟ್. ನಗುವಿಗಿರುವ 'ಲಾಫ್' ಪದದಲ್ಲಿ ಜಿ ಎಚ್ ಫಕಾರವಾಗುತ್ತದಲ್ಲ, ಹಾಗೆ. ಬೆಂಗಳೂರಿನ ಬಾರುಗಳಲ್ಲಿ ಅದು 'ಡ್ರಾಟ್' ಬಿಯರ್ ಆಗಿಬಿಟ್ಟಿದೆ. ಪೀಪಾಯಿಯಿಂದ ಎಳೆದು ತುಂಬಿಕೊಡುವ ಬಿಯರು ಎಂದರ್ಥ. ಹತ್ತಿರದಲ್ಲೇ ಸುಳಿಯುವ 'ಡ್ರೌಟ್' ಬೇರೆಯ ಪದ, ಒಣಗುವುದಕ್ಕೆ ಸಂಬಂಧಿಸಿದ್ದು, ಬರಗಾಲ. ಪರೀಕ್ಷೆಯಲ್ಲಿ ಇವೆರಡನ್ನು ಕಲೆಸಿಕೊಂಡು ಅಂಕ ಕಳೆದುಕೊಳ್ಳುವವರು ಬಹಳ.

ಹಡಗು ನೀರಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೋ ಅದು ಅದರ ಡ್ರಾಫ್ಟ್. ಮಂಗಳೂರಿನ ಹಳೆ ಬಂದರು ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿದೆ. ಅಲ್ಲಿ ಆಳ ಕಡಿಮೆ. ದೊಡ್ಡ ಹಡಗುಗಳು ದೂರದ ಕಡಲಿನಲ್ಲೇ ಲಂಗರು ಹಾಕಬೇಕಿತ್ತು, ಸರಕು ದೋಣಿಗಳಲ್ಲಿ ದಡ ಸೇರಬೇಕಿತ್ತು. ಪಣಂಬೂರಿನಲ್ಲಿ ನೆಲ ಅಗೆದು ಆಳದ ಬಂದರು ಕಟ್ಟಿ, 1974ರಲ್ಲಿ ಅದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸುವುದರ ಹಿಂದೆ ಈ ಡ್ರಾಫ್ಟಿನ ಲೆಕ್ಕವೇ ಇತ್ತು. ಎತ್ತುಗಳ ಡ್ರಾಫ್ಟ್ ಇನ್ನೂ ನಮ್ಮದು. ಪಶುವೈದ್ಯರ ಪುಸ್ತಕಗಳಲ್ಲಿ ಹಳ್ಳಿಕಾರ್, ಅಮೃತ ಮಹಲ್ ತಳಿಗಳನ್ನು ಹಾಲಿನ ತಳಿಗಳ ಜೊತೆ ಸೇರಿಸದೆ ಡ್ರಾಫ್ಟ್ ತಳಿಗಳೆಂದು ಬೇರೆ ಇಟ್ಟಿರುತ್ತಾರೆ, ಎಳೆಯುವ ತಳಿಗಳು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಎಂಬ ದನ ಸಾಕುವ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟದ್ದು ಟಿಪ್ಪು. ಮೈಸೂರಿನ ಸೈನ್ಯದ ಫಿರಂಗಿಗಳನ್ನು, ಸಾಮಾನು ಸರಂಜಾಮನ್ನು ಎಳೆದದ್ದು ಇವೇ ಎತ್ತುಗಳು. ಅಜ್ಜಂಪುರದಲ್ಲಿ ಇಂದೂ ಆ ತಳಿಯ ಸಾಕಣೆ ಕೇಂದ್ರವಿದೆ.

ಇಷ್ಟರವರೆಗೆ ಕಣ್ಣಿಗೆ ಕಾಣುವ ಎಳೆತ. ಮಕ್ಕಳು ಎಡವುವುದು ಕಾಣದ ಎಳೆತದಲ್ಲಿ. 'ಡ್ರಾ ಎ ಕನ್‌ಕ್ಲೂಷನ್' ಎಂದರೆ ತೀರ್ಮಾನಕ್ಕೆ ಬರುವುದು ಎಂದು ಬರೆಸಿ ಮೇಷ್ಟ್ರು ಮುಂದೆ ಹೋಗುತ್ತಾರೆ. ತೀರ್ಮಾನವನ್ನು ಎಳೆಯುವುದು ಹೇಗೆ ಎಂಬ ಪ್ರಶ್ನೆ ಮಗುವಿನ ಮನಸ್ಸಿನಲ್ಲೇ ಉಳಿಯುತ್ತದೆ. ನಾವು ದಿನನಿತ್ಯ ಆಡುವ 'ನಿಷ್ಕರ್ಷೆ'ಯನ್ನು ಆಗ ಕೈಗೆ ತೆಗೆದುಕೊಳ್ಳಬೇಕು. ಸಂಸ್ಕೃತದ 'ಕೃಷ್' ಧಾತುವಿಗೆ ಎಳೆ ಎಂದರ್ಥ. 'ನಿಸ್' ಎಂದರೆ ಹೊರಗೆ. ವಿಷಯದೊಳಗೆ ಇದ್ದದ್ದನ್ನು ಹೊರಗೆ ಎಳೆಯುವುದೇ ನಿಷ್ಕರ್ಷೆ. ತನ್ನತ್ತ ಎಳೆದರೆ ಆಕರ್ಷಣೆ, ಮೇಲಕ್ಕೆ ಎಳೆದರೆ ಉತ್ಕರ್ಷ. ನೆಲದಲ್ಲಿ ನೇಗಿಲು ಎಳೆದರೆ ಕೃಷಿ. ದೇವಕಿಯ ಗರ್ಭದಿಂದ ಸೆಳೆದು ರೋಹಿಣಿಯ ಗರ್ಭದಲ್ಲಿ ಇಡಲಾಯಿತೆಂದು ಭಾಗವತ ಹೇಳುವ ಬಲರಾಮನಿಗೆ ಸಂಕರ್ಷಣ ಎಂಬ ಹೆಸರು, ಮತ್ತು ಅವನ ಆಯುಧ ನೇಗಿಲು. ಲ್ಯಾಟಿನ್ನಿನ 'ಟ್ರಾಹೆರೆ' ಎಂಬ ಎಳೆತದ ಧಾತು ಇಷ್ಟೇ ದೂರ ನಡೆದಿದೆ. ಉಳುವ ಟ್ರ್ಯಾಕ್ಟರ್, ಮನಸ್ಸು ಸೆಳೆಯುವ ಅಟ್ರ್ಯಾಕ್ಷನ್, ಹಿಂಡಿ ತೆಗೆದ ಎಕ್ಸ್‌ಟ್ರ್ಯಾಕ್ಟ್, ಲೆಕ್ಕದಲ್ಲಿ ಕಳೆಯುವ ಸಬ್‌ಟ್ರ್ಯಾಕ್ಷನ್, ಗೋಡೆಗೆ ತೂಗುಹಾಕುವ ಪೋರ್ಟ್‌ರೇಟ್, ಎಲ್ಲವೂ ಅದರ ಸಂತಾನ. ಹೊಲಕ್ಕೆ ಹೋಗುವ ಟ್ರ್ಯಾಕ್ಟರೂ ಕೃಷಿಯೂ ಎರಡು ಭಾಷೆಗಳಲ್ಲಿ ಒಂದೇ ಎಳೆತದಿಂದ ಹುಟ್ಟಿದವು ಎಂದು ಕೇಳಿದ ರೈತರ ಮಗಳು ಅದನ್ನು ಮರೆಯುತ್ತಾಳೆಯೇ? ಕನ್ನಡ ಪೀರಿಯಡ್ಡಿನಲ್ಲಿ ಕಲಿತ ನಿಷ್ಕರ್ಷೆಯನ್ನು ಇಂಗ್ಲಿಷ್ ಪೀರಿಯಡ್ಡಿಗೆ ತರಲು ಅವಳಿಗೆ ಅಡ್ಡಿಯಾಗಿರುವುದು ಟೈಮ್‌ಟೇಬಲ್ ಒಂದೇ.

ಎಲ್ಲ ಕಡೆಯೂ ಎರಡು ಭಾಷೆ ಜೊತೆಯಾಗಿ ನಡೆಯುವುದಿಲ್ಲ ಎಂಬುದನ್ನೂ ಅವಳಿಗೆ ಹೇಳಬೇಕು. ರೈಲು ನಿಲ್ದಾಣಕ್ಕೆ ಬಂದರೆ ಇಂಗ್ಲಿಷಿನಲ್ಲಿ ಅದು ಡ್ರಾ ಆಗುತ್ತ ಒಳಗೆ ಬಂತು; ಕನ್ನಡದಲ್ಲಿ ಬಂತು, ಅಷ್ಟೆ. ಉಯಿಲು, ಕರಾರುಪತ್ರಗಳನ್ನು ಅವರು 'ಡ್ರಾ ಅಪ್' ಮಾಡುತ್ತಾರೆ, ನಾವು ಬರೆಸುತ್ತೇವೆ. ಸ್ನಾನಕ್ಕೆ ತೊಟ್ಟಿ ತುಂಬಿಸುವುದೂ ಅವರಿಗೆ ಡ್ರಾ, ನಮಗೆ ನೀರು ತೋಡಿಡುವುದು. ಕಥೆಯನ್ನು ಬೇಕೆಂದೇ ಉದ್ದ ಮಾಡಿದರೆ ಅವರು 'ಡ್ರಾನ್ ಔಟ್' ಎನ್ನುತ್ತಾರೆ, ಧಾರಾವಾಹಿ ನೋಡುವ ನಮ್ಮವರು ಎಳೀತಾ ಇದ್ದಾರೆ ಎನ್ನುತ್ತಾರೆ. ಇಲ್ಲಿ ಮತ್ತೆ ಇಬ್ಬರೂ ಒಂದೇ. ಪರದೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕನ್ನಡದಲ್ಲಿ ತೆರೆ ಎಳೆದರೆ ಮುಗಿಯಿತು, ಜಗಳಕ್ಕೂ ನಾಟಕಕ್ಕೂ. ಇಂಗ್ಲಿಷಿನಲ್ಲಿ 'ಡ್ರಾ ದ ಕರ್ಟನ್ಸ್' ಎಂದರೆ ತೆರೆಯುವುದೂ ಹೌದು, ಮುಚ್ಚುವುದೂ ಹೌದು. ಬೆಳಿಗ್ಗೆ ಹೇಳಿದರೆ ಬೆಳಕು ಬರಲಿ ಎಂದು, ಸಂಜೆ ಹೇಳಿದರೆ ದೀಪ ಹಚ್ಚಿದ್ದೇವೆ, ಹೊರಗಿನವರಿಗೆ ಕಾಣದಿರಲಿ ಎಂದು. ಅನುವಾದ ಮಾಡುವವರು ಆ ವಾಕ್ಯ ಸಿಕ್ಕಾಗ ಒಂದೆರಡು ಪುಟ ಹಿಂದಕ್ಕೆ ಹೋಗಿ ಕಥೆಯಲ್ಲಿ ಆಗ ಎಷ್ಟು ಹೊತ್ತು ಎಂದು ನೋಡಿಕೊಂಡು ಬರಬೇಕು.